ಹಲಸಂಗಿ ಗೆಳೆಯರು ಮತ್ತು ನಿಸರ್ಗ

ನವೋದಯ ಕಾವ್ಯದ ನಿಸರ್ಗಪ್ರೀತಿಗೆ ಆಂಗ್ಲ ರಮ್ಯಕವಿಗಳನ್ನೇ ಮೂಲವೆಂದು ಎಣಿಸುವುದು ವಾಡಿಕೆ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ (1926) ಕೃತಿಯ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂದಿನ ವಿಜಯಪುರ ಜಿಲ್ಲೆಯ, ಭೀಮಾತೀರದ ಸೀಮೆಗೆ ಸೇರಿದ ಹಲಸಂಗಿಯ ಗೆಳೆಯರ ಬಳಗಕ್ಕೆ ಈ ವಿವರಣೆ ಸಾಲದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ನಿಸರ್ಗವನ್ನು ಅರಸಿ ಹಳ್ಳಿಗೆ ಹೋದವರಲ್ಲ. ಹಳ್ಳಿಯ ಬದುಕಿನೊಳಗೇ ಇದ್ದವರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕಲೆಹಾಕಿ ಅವರು ‘ಗರತಿಯ ಹಾಡು’ (1931) ಸಂಕಲನವನ್ನು ಹೊರತಂದರು. ಈ ಹಾಡುಗಳಲ್ಲಿ ಮಳೆ, ಹೊಲ, ಮಲ್ಲಿಗೆಗಳು ದೂರದಿಂದ ನೋಡುವ ದೃಶ್ಯಗಳಲ್ಲ. ಮಲ್ಲಿಗೆ ಮುಡಿಗೇರುವ ಹೂವು, ತವರಿನ ನೆನಪು; ಮಳೆ ಬಂದರೆ ಬೆಳೆ, ತಪ್ಪಿದರೆ ಬರ. ದುಡಿಮೆಯ ಉಸಿರಿನ ಲಯವೇ ಛಂದಸ್ಸಿನ ಲಯ. ಸಂಗ್ರಾಹಕರಿಗೆ ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ದೊರೆಯಿತು. ಹಾಡಿದ ಗರತಿಯರಾದರೋ ಬಹುಮಟ್ಟಿಗೆ ಅನಾಮಿಕರಾಗಿಯೇ ಉಳಿದರು. ನಮ್ಮ ವಿಮರ್ಶೆ ಈ ಕೊರತೆಯನ್ನು ಸಾಕಷ್ಟು ಗಮನಿಸಿಲ್ಲ.

ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ‘ಗೆಳೆಯರ ಗುಂಪು’ ಹಲಸಂಗಿಯೊಡನೆ ನಿಕಟವಾದ ಸ್ನೇಹವನ್ನು ಹೊಂದಿತ್ತು. ‘ಗರಿ’ (1932) ಸಂಕಲನದ ದೇಸಿ ನುಡಿಗಟ್ಟನ್ನು ಈ ಹಾಡುಗಳ ನೆರೆಯಲ್ಲಿಟ್ಟು ಓದಬೇಕು. ಮಧುರಚೆನ್ನರ ಅನುಭಾವಗೀತ ‘ನನ್ನ ನಲ್ಲ’ ತನ್ನ ಅಳಲನ್ನು ತೋಡಿಕೊಳ್ಳುವುದೂ ಆ ಸೀಮೆಯ ಜನರ ಆಡುನುಡಿಗೆ ಹತ್ತಿರವಾದ ಕನ್ನಡದಲ್ಲಿಯೇ.