ಸತ್ತವನು ಹಾಡಿದ ಲಾವಣಿ

'ಬ್ಯಾಲಡ್' ಎಂದೊಡನೆ ಆಂಗ್ಲ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸ್ಕಾಟ್ಲೆಂಡಿನ ಹಳೆಯ ಕಥನಗೀತೆಗಳು ನೆನಪಾಗುತ್ತವೆ. ಆ ಬಳ್ಳಿಯ ಒಂದು ಕುಡಿ ಅಮೆರಿಕದ ಪಶ್ಚಿಮ ಸೀಮೆಯಲ್ಲಿ, ದನ ಕಾಯುವ ಸವಾರರ ನಡುವೆಯೂ ಹಬ್ಬಿತು. ಮಾರ್ಟಿ ರಾಬಿನ್ಸ್ ತಾನೇ ರಚಿಸಿ ಹಾಡಿ, 1959ರಲ್ಲಿ ಹೊರತಂದ 'ಎಲ್ ಪಾಸೊ' ಆ ಜಾತಿಯದು.

ಕಥೆಯೇನೋ ಸರಳ. ಟೆಕ್ಸಸ್ಸಿನ ಎಲ್ ಪಾಸೊ ಊರಿನ ಪಾನಗೃಹದಲ್ಲಿ ನರ್ತಿಸುವ ಫೆಲೀನಾಳಿಗೆ ಸವಾರನೊಬ್ಬ ಮನಸೋಲುತ್ತಾನೆ. ಮತ್ಸರದಿಂದ ಇನ್ನೊಬ್ಬನನ್ನು ಕೊಂದು, ಕುದುರೆ ಕದ್ದು, ನ್ಯೂ ಮೆಕ್ಸಿಕೊಗೆ ಓಡುತ್ತಾನೆ. ಅವಳನ್ನು ಕಾಣದೆ ಇರಲಾರದೆ ಮರಳಿ ಬಂದು, ಗುಂಡೇಟು ತಿಂದು, ಅವಳ ತೋಳಿನಲ್ಲೇ ಪ್ರಾಣ ಬಿಡುತ್ತಾನೆ.

ಹಾಡಿನ ಶಕ್ತಿಯಿರುವುದು ಅದರ ವ್ಯಾಕರಣದಲ್ಲಿ. ಹಳೆಯ ಲಾವಣಿಕಾರ ಸಾಮಾನ್ಯವಾಗಿ ದೂರ ನಿಂತು ಹೇಳುತ್ತಾನೆ. ಇಲ್ಲಿ ಕೊಲೆಗಾರನೇ 'ನಾನು' ಎನ್ನುತ್ತಾನೆ. ಮೊದಲೆಲ್ಲ ಭೂತಕಾಲ. ಅವನು ಗುಡ್ಡದ ಮೇಲೆ ನಿಂತು ಊರನ್ನು ನೋಡುವಾಗ ಕ್ರಿಯಾಪದಗಳು ವರ್ತಮಾನಕ್ಕೆ ಹೊರಳುತ್ತವೆ. ಅದುವರೆಗೆ ನ್ಯಾಯಾಧೀಶರಂತೆ ಕುಳಿತಿದ್ದ ನಾವೂ ಅವನೊಡನೆ ಕುದುರೆ ಏರಿರುತ್ತೇವೆ. ಕೊಲೆಯಾದವನಿಗೆ ಹಾಡಿನಲ್ಲಿ ಹೆಸರೂ ಇಲ್ಲ. ಇದು ನ್ಯಾಯವೇ ಎಂದು ಕೇಳಲು ನಮಗೆ ಪುರಸತ್ತೂ ಇಲ್ಲ!

ನಾಲ್ಕೂವರೆ ನಿಮಿಷದ ಈ ಹಾಡು ಅಂದಿನ ರೇಡಿಯೊಗೆ ಬಹಳ ಉದ್ದವೆಂದು ಮೊಟಕುಗೊಳಿಸಿದ ಪ್ರತಿಯನ್ನೂ ಕಂಪನಿ ಸಿದ್ಧಮಾಡಿತ್ತು. ಜನ ಮೆಚ್ಚಿದ್ದು ಪೂರ್ತಿ ಹಾಡನ್ನೇ. 1960ರ ಜನವರಿಯಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1961ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಆದರೆ ಸತ್ತವನು ಹಾಡಿದ್ದಾದರೂ ಹೇಗೆ? ರಾಬಿನ್ಸನನ್ನೂ ಈ ಪ್ರಶ್ನೆ ಕಾಡಿರಬೇಕು. 1976ರಲ್ಲಿ ಅವನು 'ಎಲ್ ಪಾಸೊ ಸಿಟಿ' ಎಂಬ ಇನ್ನೊಂದು ಹಾಡು ಕಟ್ಟಿದ. ಅದರಲ್ಲಿ ವಿಮಾನದಲ್ಲಿ ಆ ಊರಿನ ಮೇಲೆ ಹಾರುತ್ತಿರುವ ಒಬ್ಬನಿಗೆ, ಹಿಂದಿನ ಜನ್ಮದಲ್ಲಿ ಆ ಸವಾರ ತಾನೇ ಆಗಿದ್ದೆನೇನೋ ಎಂಬ ಶಂಕೆ ಹುಟ್ಟುತ್ತದೆ.