ಹಳೆಯ ಗಣಕಕ್ಕೆ ಹೊಸ ಯಜಮಾನ

ಗಣಕಯಂತ್ರದಲ್ಲಿ ಯಾವ ಕೆಲಸಕ್ಕೆ ಎಷ್ಟು ಜಾಗ, ಎಷ್ಟು ಹೊತ್ತು ಎಂದು ಹಂಚಿಕೊಡುವ ಯಜಮಾನಿಕೆಗೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ನಮ್ಮ ಮನೆಯ ಯಂತ್ರದಲ್ಲಿದ್ದುದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಯಂತ್ರವೆಂಬುದು ತಂದೆಯವರ ಕೂಲಿಗೆ ಮೀರಿದ ಮಾತು. ಆದ್ದರಿಂದ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಮಿಂಟನ್ನು ಆರಿಸಿದೆನು; 2 ಜಿಬಿ ಸ್ಮರಣೆಯಿದ್ದರೂ ಅದು ನಡೆಯುತ್ತದೆ. (ಲಿನಕ್ಸಿನ ತಿರುಳನ್ನು 1991ರಲ್ಲಿ ಪ್ರಕಟಿಸಿದಾಗ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ಗೆ 21 ವರ್ಷ. ನಮ್ಮ ಓರಗೆಯವನೇ!)

ಕಡತವನ್ನು ಪೆನ್‌ಡ್ರೈವಿಗೆ ಬರಿದೆ ನಕಲು ಮಾಡಿದರೆ ಸಾಲದು. ಅದಕ್ಕೆಂದೇ ಇರುವ ತಂತ್ರಾಂಶದಿಂದ ಬರೆಯಬೇಕು. ಬಳಿಕ ಯಂತ್ರವನ್ನು ಪೆನ್‌ಡ್ರೈವಿನಿಂದಲೇ ಎಬ್ಬಿಸಿದರೆ, ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ಕಣ್ಣೆದುರು ನಡೆಯುತ್ತದೆ. ಬಾಡಿಗೆಗೆ ಮೊದಲು ಮನೆ ನೋಡಿದ ಹಾಗೆ, ವೈಫೈ, ಧ್ವನಿ ಎಲ್ಲವನ್ನೂ ಪರೀಕ್ಷಿಸಿದೆನು. ಆಮೇಲೆ ಬರುವುದು ‘ಡಿಸ್ಕನ್ನು ಅಳಿಸು’ ಎಂಬ ಆಯ್ಕೆ. ಪಹಣಿ, ತಂಗಿಯ ಅಂಕಪಟ್ಟಿ, ನನ್ನ ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಆ ಡಿಸ್ಕಿನಲ್ಲಿದ್ದವು. ಅವನ್ನು ಬೇರೊಂದು ಪೆನ್‌ಡ್ರೈವಿಗೆ ಇಳಿಸಿ, ಒಂದೊಂದನ್ನೂ ತೆರೆದು ನೋಡಿ, ಅನಂತರವೇ ಗುಂಡಿ ಒತ್ತಿದೆನು. ವಾಚಕರೂ ಹಾಗೆಯೇ ಮಾಡತಕ್ಕದ್ದು.

ಉಳಿದದ್ದು ಸುಲಭ. ನನಗೆ ಹಿಗ್ಗು ತಂದದ್ದು ಕೀಲಿಮಣೆಗಳ ಪಟ್ಟಿ: ಅದರಲ್ಲಿ ಕನ್ನಡದ ‘ಕಗಪ’ ಮೊದಲೇ ಇದೆ! ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಮೊದಲು ‘ಅಮ್ಮ’ ಎಂದು ಬರೆದೆನು, ಬಳಿಕ ಈ ಲೇಖನ.