ಕೇಳದೆ ತಿಳಿಯುವ ಬಗೆ

ಆನೆಗೊಂದಿಯು ಬಾಳೆನಾರಿನ ಕೈಕೆಲಸಕ್ಕೆ ಹೆಸರಾದ ಊರು. 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧ ಟ್ರಸ್ಟ್ ಈ ಕಸುಬಿಗೆ ಅಲ್ಲಿ ನೆಲೆ ಒದಗಿಸಿತು. ನಾರನ್ನು ಹುರಿ ಹೊಸೆದು ಹೆಂಗಸರು ಚೀಲ, ಚಾಪೆ, ಬುಟ್ಟಿಗಳನ್ನು ಹೆಣೆಯುತ್ತಾರೆ.

ಒಂದು ಪಡಸಾಲೆಯಲ್ಲಿ ಹತ್ತು ಮಂದಿ ಹೀಗೆ ಕುಳಿತಿರುವರೆಂದು ಭಾವಿಸೋಣ. ಹುರಿ ಮುಗಿಯುತ್ತ ಬಂದಿತೆಂದು ಒಬ್ಬಳು ಪಕ್ಕದವಳಿಗೆ ಹೇಳುತ್ತಾಳೆ. ಕಂಬದ ಮರೆಯಲ್ಲಿ ಹುರಿ ಹೊಸೆಯುತ್ತಿರುವವಳು ಅದು ಕಿವಿಗೆ ಬಿದ್ದೊಡನೆ ಕೈ ಚುರುಕುಮಾಡುತ್ತಾಳೆ. ಅವಳಿಗೆ ಯಾರೂ ಆಜ್ಞೆ ಮಾಡಲಿಲ್ಲ. ಅವಳೂ ಯಾರನ್ನೂ ವಿಚಾರಿಸಲಿಲ್ಲ. ಇದನ್ನು ನಾವು 'ಅಪ್ರಯತ್ನ ಅರಿವು' ಎಂದು ಕರೆಯೋಣ.

ಇದಕ್ಕೆ ಆಧಾರ ಶಬ್ದದ ಸ್ವಭಾವ. ಬೆಳಕಿನ ಅಲೆಯ ಉದ್ದ ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಕಂಬವು ಅದನ್ನು ತಡೆದು ನೆರಳು ಬೀಳಿಸುತ್ತದೆ. ಸೆಕೆಂಡಿಗೆ 340 ಸಲ ಕಂಪಿಸುವ ಧ್ವನಿಯ ಅಲೆಯಾದರೋ ಸುಮಾರು 1 ಮೀಟರು ಉದ್ದವಿದ್ದು, ಕಂಬವನ್ನು ಬಳಸಿ ಬಾಗಿ ಬರುತ್ತದೆ. ಕಣ್ಣು ಕೆಲಸದಲ್ಲಿದ್ದರೂ ಕಿವಿ ತೆರೆದೇ ಇರುತ್ತದೆ. ಹಾಗೆ ಬಂದ ಸದ್ದುಗಳಲ್ಲಿ ಬೇಕಾದುದನ್ನು ಮನಸ್ಸು ಆರಿಸಿಕೊಳ್ಳುವ ಬಗೆಯನ್ನು ಕಾಲಿನ್ ಚೆರ್ರಿ 1953ರಲ್ಲಿ ಪ್ರಯೋಗಗಳಿಂದ ಪರೀಕ್ಷಿಸಿದನು.

ಈ ಅರಿವು ದೊಡ್ಡ ಕಾರ್ಯಾಲಯಗಳಲ್ಲಿಯೂ ಉಂಟು. ಲಂಡನ್ನಿನ ನೆಲದಡಿಯ ರೈಲಿನ ನಿಯಂತ್ರಣ ಕೊಠಡಿಯನ್ನು ಕುರಿತು ಹೀತ್ ಮತ್ತು ಲಫ್ ಎಂಬವರು 1992ರಲ್ಲಿ ಬರೆದರು. ನಿಯಂತ್ರಕನು ಚಾಲಕನೊಡನೆ ಆಡಿದ ಮಾತು ಕಿವಿಗೆ ಬಿದ್ದರೆ ಸಾಕು, ಪಕ್ಕದ ಸಹೋದ್ಯೋಗಿ ಯಾರೂ ಹೇಳದೆಯೇ ಪ್ರಯಾಣಿಕರಿಗೆ ತಕ್ಕ ಪ್ರಕಟಣೆ ಕೊಡುತ್ತಿದ್ದನು.

ಕೆಲಸಗಾರರು ತಂತಮ್ಮ ಮನೆಗಳಲ್ಲಿಯೇ ದುಡಿದರೆ ಈ ಅರಿವು ಕಡಿದುಹೋಗುತ್ತದೆ. 2013ರಲ್ಲಿ ಪರಿಚಯಗೊಂಡ ಸ್ಲ್ಯಾಕ್‌ನಂತಹ ಸಾಧನಗಳೂ ನಮಗೆ ಪರಿಚಿತವಾದ ವಾಟ್ಸ್ಯಾಪ್ ಗುಂಪುಗಳೂ ಅದನ್ನು ಬರಹದಿಂದ ತುಂಬಿಕೊಡಬಲ್ಲವು. ಇದಕ್ಕೆ ಎರಡು ನಿಯಮಗಳುಂಟು. ಒಬ್ಬರಿಗೆ ಹೇಳುವ ಕೆಲಸದ ಮಾತನ್ನೂ ಎಲ್ಲರಿಗೆ ಕಾಣುವಂತೆ ಬರೆಯಬೇಕು. ಪ್ರತಿ ಮಾತಿಗೂ ಗಂಟೆ ಬಾರಿಸಬಾರದು. ಬಾರಿಸಿದರೆ ಅದು ಅಪ್ರಯತ್ನ ಅರಿವಾಗದೆ ಅಡಚಣೆಯಾಗುತ್ತದೆ. ಬಿಡುವಾದಾಗ ಒಮ್ಮೆ ಕಣ್ಣಾಡಿಸಿದರೆ ಸಾಕು.

ಆದರೆ ಒಂದು ಭೇದವನ್ನು ಮರೆಯಬಾರದು. ಸದ್ದು ಅಳಿಯುತ್ತದೆ, ಬರಹ ಉಳಿಯುತ್ತದೆ. ಪಡಸಾಲೆಯಲ್ಲಿ ಎಲ್ಲರೂ ಎಲ್ಲರ ಮಾತನ್ನು ಸಮನಾಗಿ ಕೇಳುತ್ತಾರೆ. ಯಜಮಾನನು ತಾನು ಏನನ್ನೂ ಬರೆಯದೆ, ಉಳಿದವರು ಬರೆದುದನ್ನು ಲೆಕ್ಕವಿಡತೊಡಗಿದರೆ ಅದು ಅರಿವಲ್ಲ, ಕಾವಲು. ಆಗ ಜನರು ತೋರಿಕೆಗಾಗಿ ಬರೆಯುತ್ತಾರೆ. ಹುರಿ ಮುಗಿದ ಸುದ್ದಿಯನ್ನು ಯಾರೂ ಬರೆಯುವುದಿಲ್ಲ. ಆದುದರಿಂದ ಇಂತಹ ಗುಂಪನ್ನು ಕಟ್ಟುವವರು ಮೊದಲು ತಮ್ಮ ಕೆಲಸವನ್ನೇ ಅದರಲ್ಲಿ ಬರೆಯತೊಡಗುವುದು ಲೇಸು.